ಜಪಮಾಲಮ್ಮ ಹಾಕಿದ ಹುಲ್ಲುಕಡ್ಡಿ

ಶಿಲುಬೆಕೇರಿಯಲ್ಲಿ ಯೇಸುಸ್ವಾಮಿ ಹುಟ್ಟುತ್ತಿದ್ದುದು ನಡುರಾತ್ರಿಯಲ್ಲಲ್ಲ, ಹಗಲು ಹನ್ನೊಂದೂವರೆಯ ಬಸ್ಸಿಗೆ. ಸ್ವಾಮಿಯವರು, ಅಂದರೆ ಪಾದ್ರಿಗಳು, ರಾತ್ರಿಯ ಪೂಜೆಯನ್ನು ತಮ್ಮ ದೊಡ್ಡ ಚರ್ಚಿನಲ್ಲಿ ಮುಗಿಸಿ, ಬೆಳಗಿನದನ್ನು ಇನ್ನೊಂದೂರಲ್ಲಿ ಮುಗಿಸಿ, ಪಣಕಹಳ್ಳಿಯ ಆಚೆಗಿರುವ ಈ ಹನ್ನೊಂದು ಮನೆಗಳ ಕೇರಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಒಂದು ವರ್ಷ ದಾರಿಯಲ್ಲಿ ಆನೆ ನಿಂತು ಬಸ್ಸು ತಡವಾಗಿ, ಯೇಸುಸ್ವಾಮಿ ಮಧ್ಯಾಹ್ನ ಮೂರಕ್ಕೆ ಹುಟ್ಟಿದರು. ಅಲ್ಲಿಯವರೆಗೂ ಮಣ್ಣಿನ ಬಾಲಯೇಸು ಹಳೇ ಸೀರೆಯ ತುಂಡು ಸುತ್ತಿಕೊಂಡು ಜಪಮಾಲಮ್ಮನ ಅಕ್ಕಿ ಡಬ್ಬದಲ್ಲಿ ಮಲಗಿತ್ತು. ಆ ಡಬ್ಬಕ್ಕೆ ಆವತ್ತು ಯಾರೂ ಪಾವು ಹಾಕುವಂತಿರಲಿಲ್ಲ.

ಜಪಮಾಲಮ್ಮ ಕೇರಿಯ ಉಪದೇಶಿ ಚೌರಪ್ಪನ ತಂಗಿ. ಉಪದೇಶಿ ಎಂದರೆ ಸ್ವಾಮಿಯವರಿಲ್ಲದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವವನು, ಮಕ್ಕಳಿಗೆ ಜ್ಞಾನೋಪದೇಶ ಕಲಿಸುವವನು, ಸತ್ತವರ ಮುಂದೆ ಶಿಲುಬೆ ಹಿಡಿದು ನಡೆಯುವವನು. ಚೌರಪ್ಪ ಇದರ ಜೊತೆಗೆ ಇನ್ನೊಂದು ಕೆಲಸವನ್ನೂ ತಾನಾಗಿ ಮೈಮೇಲೆ ಹಾಕಿಕೊಂಡಿದ್ದ. ಯಾವುದು ಪಾಪ, ಯಾವುದು ಅಲ್ಲ ಎಂಬುದನ್ನು ಕೇಳದವರಿಗೂ ಹೇಳುವುದು. ಅವರಪ್ಪನೂ ಉಪದೇಶಿಯೇ. ಆತ ಬಿಳಿ ಸ್ವಾಮಿಯವರ, ಅಂದರೆ ಪರದೇಶದ ಪಾದ್ರಿಗಳ, ಕಾಲದಲ್ಲಿ ಕೇಳಿ ಕೇಳಿ ಬರೆದಿಟ್ಟಿದ್ದ ನೋಟುಪುಸ್ತಕವೊಂದು ಚೌರಪ್ಪನ ಪಾಲಿಗೆ ಬಂದಿತ್ತು. ಮೂರು ಎಕರೆ ಹೊಲ ಬಂದದ್ದಕ್ಕಿಂತ ಅದು ಬಂದದ್ದೇ ಅವನಿಗೆ ಹೆಮ್ಮೆ. ಯಾರು ಏನು ಕೇಳಿದರೂ ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವುತ್ತಿದ್ದ, ತೀರ್ಪು ಓದುತ್ತಿದ್ದ, ಮುಚ್ಚುತ್ತಿದ್ದ. ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇರಿಯಲ್ಲಿ ಯಾರೂ ಕೇಳಿರಲಿಲ್ಲ.

ತಂಗಿಯ ಹತ್ತಿರ ಪುಸ್ತಕವಿರಲಿಲ್ಲ, ಮೂರು ತಟ್ಟೆಗಳಿದ್ದವು. ಸೀಮೆಎಣ್ಣೆ ಡಬ್ಬ ಸೀಳಿ ಅವಳೇ ಬಗ್ಗಿಸಿಕೊಂಡದ್ದು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಆಗಮನ ಕಾಲ ಎನ್ನುತ್ತಾರಲ್ಲ, ಅದರ ಮೊದಲನೇ ಭಾನುವಾರ ಒಂದು ತಟ್ಟೆಗೆ ಗೊಬ್ಬರದ ಮಣ್ಣು ಹಾಕಿ ರಾಗಿ ಚೆಲ್ಲುತ್ತಿದ್ದಳು. ಎರಡನೇ ಭಾನುವಾರ ಎರಡನೇ ತಟ್ಟೆ, ಮೂರನೇ ಭಾನುವಾರ ಮೂರನೆಯದು. ಹಬ್ಬದ ಹೊತ್ತಿಗೆ ಮೊದಲನೆಯದು ಗೇಣುದ್ದ ಎದ್ದು ಹಿಂದಿನ ಬೆಟ್ಟವಾಗುತ್ತಿತ್ತು, ಎರಡನೆಯದು ನಡುವಿನ ಹೊಲ, ಈಗಷ್ಟೇ ಹಸಿರು ಕಟ್ಟಿದ ಮೂರನೆಯದು ಬಾಲಯೇಸುವಿನ ಮುಂದಿನ ಅಂಗಳ. ಅದರ ನಡುವೆ ಬಿದಿರಿನ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ, ಮರಿಯಮ್ಮ, ಮೂಗು ಮುರಿದ ಜೋಸೆಫಪ್ಪ, ಎರಡು ಎತ್ತು, ಹಿಂದುಗಡೆ ಒಂದು ಮಣ್ಣಿನ ಆನೆ. ಬೆತ್ಲೆಹೇಮಿನಲ್ಲಿ ಆನೆ ಇರಲಿಲ್ಲವೆಂದು ಚೌರಪ್ಪ ಒಮ್ಮೆ ಆಕ್ಷೇಪಿಸಿದ್ದ. ಬೆತ್ಲೆಹೇಮಿನಲ್ಲಿ ರಾಗಿಯೂ ಇರಲಿಲ್ಲ, ರಾಗಿ ಇಟ್ಟ ಮೇಲೆ ಆನೆ ಬಾರದೆ ಇರುತ್ತದೆಯೇ ಎಂದು ತಂಗಿ ಕೇಳಿದಳು. ಪುಸ್ತಕದಲ್ಲಿ ಆನೆಯ ವಿಷಯ ಏನೂ ಇರಲಿಲ್ಲವಾದ್ದರಿಂದ ಆನೆ ಉಳಿದುಕೊಂಡಿತು.

ಆಗಮನ ಕಾಲ ಬಂತೆಂದರೆ ಚೌರಪ್ಪನ ಮನೆಯಲ್ಲಿ ರೇಡಿಯೋಗೆ ಬಟ್ಟೆ ಮುಚ್ಚುತ್ತಿದ್ದರು. ಇಪ್ಪತ್ತಮೂರನೇ ತಾರೀಕಿನವರೆಗೆ ಬಾಣಲಿ ಒಲೆಗೆ ಏರುವಂತಿರಲಿಲ್ಲ. ಇಪ್ಪತ್ತಮೂರಕ್ಕೆ ಪಕ್ಕದ ಹೊಲದ ಪುಟ್ಟಬಸಮ್ಮ ತನ್ನ ಮನೆಯ ಬಾಣಲಿಯನ್ನೂ ಎಣ್ಣೆಯನ್ನೂ ಕಳಿಸುತ್ತಿದ್ದಳು. ಅವರು ಶಿವಭಕ್ತರು, ಕೋಳಿ ಕೊಯ್ಯುವ ಮನೆಯ ಪಾತ್ರೆಯಲ್ಲಿ ಬೇಯಿಸಿದ್ದನ್ನು ಮುಟ್ಟುವವರಲ್ಲ. ಆದರೆ ತನ್ನ ಬಾಣಲಿಯಲ್ಲಿ, ತನ್ನ ಎಣ್ಣೆಯಲ್ಲಿ ಜಪಮಾಲಮ್ಮ ಕರಿದ ಕಜ್ಜಾಯ ತನ್ನ ಮನೆಯದೇ ಕಜ್ಜಾಯ ಎಂದು ಪುಟ್ಟಬಸಮ್ಮ ಎಂದೋ ತೀರ್ಮಾನ ಮಾಡಿಕೊಂಡಿದ್ದಳು. ಅವಳಿಗೂ ಯಾವ ಪುಸ್ತಕವೂ ಬೇಕಾಗಿರಲಿಲ್ಲ.

ಇನ್ನು ಹುಲ್ಲುಕಡ್ಡಿ. ಗೋದಲಿಯೊಳಗಿನ ತೊಟ್ಟಿ ಆಗಮನ ಕಾಲದ ಶುರುವಿಗೆ ಬರಿದಾಗಿರಬೇಕು. ಮನೆಯವರು ಯಾರಾದರೂ ಒಂದು ತ್ಯಾಗ ಮಾಡಿದರೆ, ಅಂದರೆ ಕಾಫಿ ಬಿಟ್ಟರೆ, ಸಿಟ್ಟು ನುಂಗಿದರೆ, ಒಂದು ರಾಗಿಹುಲ್ಲಿನ ಕಡ್ಡಿ ಅದಕ್ಕೆ ಹಾಕಬೇಕು. ಹಬ್ಬದ ದಿನ ಬಾಲಯೇಸು ಮಲಗುವುದು ಅದರ ಮೇಲೆ. ಇದು ಎಲ್ಲ ಮನೆಯಲ್ಲೂ ಉಂಟು. ಚೌರಪ್ಪ ಮಾತ್ರ ಅದಕ್ಕೆ ತನ್ನದೊಂದು ಸೇರಿಸಿದ್ದ. ಪಾಪ ಮಾಡಿದರೆ ಒಂದು ಕಡ್ಡಿ ತೆಗೆಯಬೇಕು. ಏನು ತ್ಯಾಗ ಎಂದು ಕೇಳಿಯೇ ಕಡ್ಡಿ ಹಾಕಗೊಡುತ್ತಿದ್ದ. ಊಟದ ಹೊತ್ತಿನಲ್ಲಿ ಅವನು ಉಪದೇಶ ಶುರು ಮಾಡಿದಾಗಲೆಲ್ಲ ಜಪಮಾಲಮ್ಮ ಬಾಯಿ ಮುಚ್ಚಿಕೊಂಡು ಕೇಳಿ, ಎದ್ದು ಹೋಗಿ ಒಂದು ಕಡ್ಡಿ ಹಾಕಿ ಬರುತ್ತಿದ್ದಳು. ಏನು ತ್ಯಾಗ ಎಂದರೆ ‘ಸಹನೆ’ ಎನ್ನುತ್ತಿದ್ದಳು. ಬಾಲಯೇಸುವಿನ ಹಾಸಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಲ್ಲು ಅವಳದೇ ಆಗಿರುತ್ತಿತ್ತು, ಅದಕ್ಕೆ ಕಾರಣ ಯಾರೆಂಬುದು ಚೌರಪ್ಪನಿಗೆ ಹೊಳೆದೇ ಇರಲಿಲ್ಲ.

ಆದರೆ ಅವಳು ನಿಜವಾಗಿ ತ್ಯಾಗ ಮಾಡಿದ್ದು ಎಪ್ಪತ್ತೆರಡನೇ ಇಸವಿಯಲ್ಲಿ. ಆಗ ಅವಳಿಗೆ ಇಪ್ಪತ್ತೆರಡು. ಇನ್ನಾಸಪ್ಪ ಎಂಬ ಮಿಲಿಟರಿಯವನು ಡಿಸೆಂಬರಿನಲ್ಲಿ ಇಪ್ಪತ್ತು ದಿನದ ರಜೆಯ ಮೇಲೆ ಬಂದಿದ್ದ. ನೋಡಿದ್ದಾಯಿತು, ಒಪ್ಪಿದ್ದಾಯಿತು, ರಜೆ ಮುಗಿಯುವುದರೊಳಗೆ ಮದುವೆ ಆಗಲಿ ಎಂದು ಗಂಡಿನ ಕಡೆಯವರು ಹೇಳಿದರು. ಅಪ್ಪ ತೀರಿಕೊಂಡು ಚೌರಪ್ಪ ಹೊಸದಾಗಿ ಉಪದೇಶಿಯಾಗಿದ್ದ ವರ್ಷ ಅದು. ಪುಸ್ತಕ ತೆಗೆದ. ‘ಆಗಮನ ಕಾಲ, ತಪಸ್ಸು ಕಾಲ: ಮದುವೆ ಇಲ್ಲ’ ಎಂದು ಅಪ್ಪನ ಅಕ್ಷರದಲ್ಲಿ ಬರೆದಿತ್ತು. ಸ್ವಂತ ತಂಗಿ ಎಂದು ಮುಲಾಜು ನೋಡದೆ ಇಲ್ಲವೆಂದುಬಿಟ್ಟ. ಕೇರಿಯವರು ಭೇಷ್ ಎಂದರು. ಇನ್ನಾಸಪ್ಪನ ಮುಂದಿನ ರಜೆ ಮಾರ್ಚಿನಲ್ಲಿ ಸಿಕ್ಕಿತು, ಸರಿಯಾಗಿ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದ ನಡುವೆ. ಅವನ ಆಫೀಸರಿಗೆ ನಮ್ಮ ಪಂಚಾಂಗವೂ ತಿಳಿಯದು, ಚರ್ಚಿನ ಕ್ಯಾಲೆಂಡರೂ ತಿಳಿಯದು ಎಂದು ಕಾಣುತ್ತದೆ. ಮೂರನೇ ರಜೆಗೆ ಬಂದ ಇನ್ನಾಸಪ್ಪ ಬೆಟ್ಟ ಹತ್ತಲೇ ಇಲ್ಲ, ಘಾಟಿಯ ಕೆಳಗೇ ಒಂದು ಹೆಣ್ಣು ನೋಡಿ ಕಟ್ಟಿಕೊಂಡು ಹೋದ.

ಎರಡು ಸಲ ಮುಹೂರ್ತ ತಪ್ಪಿದ ಹೆಣ್ಣೆಂದು ಆಮೇಲೆ ಬಂದವರೆಲ್ಲ ಕಾಫಿ ಕುಡಿದು ಎದ್ದು ಹೋದರು. ಅವಳು ಅಣ್ಣನ ಮನೆಯಲ್ಲೇ ಉಳಿದಳು. ಹತ್ತು ವರ್ಷದ ಮೇಲೆ ತಾಳವಾಡಿ ಸಂತೆಯಲ್ಲಿ ಇನ್ನಾಸಪ್ಪನನ್ನು ಕಂಡಳು. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು, ಅರ್ಧ ಸೇರು ಬೆಳ್ಳುಳ್ಳಿಗೆ ಕಾಲು ಗಂಟೆ ಚೌಕಾಸಿ ಮಾಡುತ್ತಿದ್ದ. ಕಳೆದುಕೊಂಡದ್ದು ಅಂಥ ದೊಡ್ಡ ನಿಧಿಯೇನಲ್ಲ ಎಂದುಕೊಂಡು ಮನೆಗೆ ಬಂದಳು. ಅವಳಿಗೆ ಬೇಕಾಗಿದ್ದುದು ಇನ್ನಾಸಪ್ಪನಿಗಿಂತ ಹೆಚ್ಚಾಗಿ ತನ್ನದೇ ಒಂದು ಒಲೆ, ತನ್ನದೇ ಮನೆಯ ಮೂಲೆಯಲ್ಲೊಂದು ಗೋದಲಿ, ಕಡ್ಡಿ ಹಾಕಲು ಬಂದ ಮಕ್ಕಳನ್ನು ತಾನೇ ಏನು ತ್ಯಾಗ ಎಂದು ಕೇಳುವ ಅಧಿಕಾರ. ಅದು ಸಿಗದ ನೋವು ವರ್ಷವರ್ಷವೂ ಇತ್ತು. ದೇವರ ಕಟ್ಟಳೆಗೆ ತಲೆ ಬಾಗಿದೆ ಎಂಬ ಒಂದು ಮಾತಿನಿಂದ ಆ ನೋವಿಗೆ ಅಷ್ಟಿಷ್ಟು ಮರ್ಯಾದೆ ಬಂದಿತ್ತು.

ಕಟ್ಟಳೆಯೂ ಗಟ್ಟಿಯಾಗಿಯೇ ಇತ್ತು. ಹದಿನಾಲ್ಕು ವರ್ಷ ಆ ಕೇರಿಯಲ್ಲಿ ಆಗಮನ ಕಾಲದಲ್ಲಿ ಒಂದು ಕೊರಳಿಗೂ ತಾಳಿ ಬೀಳಲಿಲ್ಲ. ನಿಮಗೂ ಧನುರ್ಮಾಸವೇ ಎಂದು ಪುಟ್ಟಬಸಮ್ಮ ಕೇಳಿದ್ದಕ್ಕೆ ಚೌರಪ್ಪ ನೊಂದುಕೊಂಡಿದ್ದ. ಧನುರ್ಮಾಸ ನೋಡುವುದು ಮೂಢನಂಬಿಕೆ, ಆಗಮನ ಕಾಲ ನೋಡುವುದು ವಿಶ್ವಾಸ ಎಂದು ಅರ್ಧ ಗಂಟೆ ವಿವರಿಸಿದ. ಪುಟ್ಟಬಸಮ್ಮ ಎಲ್ಲ ಕೇಳಿ, ಅದನ್ನೇ ತಾನೂ ಹೇಳಿದ್ದು ಎಂದಳು.

ಎಂಬತ್ತಾರನೇ ಇಸವಿಯಲ್ಲಿ, ಜಪಮಾಲಮ್ಮ ಮೊದಲನೇ ತಟ್ಟೆಗೆ ರಾಗಿ ಚೆಲ್ಲಿದ ಮಾರನೇ ದಿನ, ಸತ್ಯಮಂಗಲದಿಂದ ನಾಲ್ಕು ಜನ ಬಂದರು. ಚೌರಪ್ಪನ ಮಗಳು ಲೂರ್ದುವಿಗೆ ಗಂಡು ಗೊತ್ತಾಗಿದ್ದ ಮನೆಯವರು. ಹುಡುಗ ಇರುದಯರಾಜ ಬೋರ್‌ವೆಲ್ ಲಾರಿಯಲ್ಲಿ ಕೆಲಸದವನು. ಈಸ್ಟರ್ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು. ಈಗ ಲಾರಿ ಇಪ್ಪತ್ತನೇ ತಾರೀಕಿಗೆ ಮಧ್ಯಪ್ರದೇಶದ ಕಡೆ ಹೊರಡುತ್ತದಂತೆ, ಹೋದರೆ ಮಳೆಗಾಲಕ್ಕೇ ವಾಪಸು, ಹುಡುಗನ ತಾಯಿಗೆ ಅಲ್ಲಿಯವರೆಗೆ ಆಯಸ್ಸು ಇರುತ್ತದೋ ಇಲ್ಲವೋ. ಹದಿನೇಳಕ್ಕೆ ಮದುವೆ ಆಗಬೇಕು ಎಂದು ಹುಡುಗನ ಸೋದರಮಾವ ತಮಿಳಿನಲ್ಲಿ ಮೆತ್ತಗೆ ಹೇಳಿದ. ಆಗದಿದ್ದರೆ ತಾಳವಾಡಿಯಲ್ಲಿ ಇನ್ನೊಂದು ಹೆಣ್ಣು ನೋಡಿದ್ದೇವೆ ಎಂಬುದನ್ನು ಅದಕ್ಕಿಂತಲೂ ಮೆತ್ತಗೆ ಹೇಳಿದ.

ಜಪಮಾಲಮ್ಮ ಒಳಗೆ ರಾಗಿ ಬೀಸುತ್ತಿದ್ದಳು, ಕಲ್ಲು ನಿಲ್ಲಿಸಿದಳು. ಪಕ್ಕದಲ್ಲಿ ಲೂರ್ದು ಲೋಟಕ್ಕೆ ಕಾಫಿ ಬಗ್ಗಿಸುವುದನ್ನು ಮರೆತು ನಿಂತಿದ್ದಳು. ಅವಳಿಗೆ ಇಪ್ಪತ್ತು. ಹುಡುಗನನ್ನು ಒಂದೇ ಸಲ ನೋಡಿ ಒಂಬತ್ತು ಸಲ ಕನಸಿನಲ್ಲಿ ಕಂಡಿದ್ದಳೆಂಬುದು ಸೋದರತ್ತೆಗೆ ಗೊತ್ತಿತ್ತು. ಅಣ್ಣ ಪುಸ್ತಕ ತೆಗೆಯುತ್ತಾನೆ, ಇನ್ನು ಈ ಮನೆಯಲ್ಲಿ ರಾಗಿ ಚೆಲ್ಲುವವರು ಇಬ್ಬರಾಗುತ್ತೇವೆ ಎಂದು ಜಪಮಾಲಮ್ಮ ಎದೆ ಗಟ್ಟಿ ಮಾಡಿಕೊಂಡಳು. ಹಜಾರದಿಂದ ಚೌರಪ್ಪನ ದನಿ ಕೇಳಿತು.

“ಅಪ್ಪಣೆ ಕೇಳಾನ. ಸಾಮೇರತ್ರ ಕೇಳುದ್ರ ಕೊಡ್ತಾರ.”

ಲೂರ್ದುವಿನ ತಾಯಿ ಸಹಾಯಮ್ಮ ಶಿಲುಬೆಯ ಗುರುತು ಹಾಕಿಕೊಂಡಳು. ಲೂರ್ದು ಕಾಫಿ ಬಗ್ಗಿಸಿದಳು. ಜಪಮಾಲಮ್ಮನಿಗೆ ಖುಷಿಯಾಯಿತು, ಅದು ಸುಳ್ಳಲ್ಲ. ಆದರೆ ಬೀಸುವ ಕಲ್ಲಿಗೆ ಮತ್ತೆ ಕೈ ಹಾಕಿದವಳಿಗೆ ಕಲ್ಲು ತಿರುಗಲಿಲ್ಲ. ಕೇಳಬಹುದಾಗಿತ್ತು. ಅಪ್ಪಣೆ ಎಂಬುದೊಂದು ಇತ್ತು, ಕೇಳಿದರೆ ಕೊಡುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಆ ಮಾತು ಈ ಮನೆಯಲ್ಲಿ ಇವತ್ತೇ ಮೊದಲು ಹುಟ್ಟಿತು.

ಬುಧವಾರ ಅಣ್ಣ ತಂಗಿ ಸ್ವಾಮಿಯವರನ್ನು ಕಾಣಲು ಹೋದರು. ಕಾಣಿಕೆಯ ಕುಂಬಳಕಾಯಿ ಹೊರಲು ಒಬ್ಬರು ಬೇಕಿತ್ತು, ನಕ್ಷತ್ರ ಕಟ್ಟಲು ಬಣ್ಣದ ಕಾಗದವನ್ನೂ ತರಬೇಕಿತ್ತು, ಅದಕ್ಕೆ ಅವಳು. ಸ್ವಾಮಿಯವರು ಹೊಸಬರು, ಎಳೆಯರು, ಬಾಗಿಲಲ್ಲಿ ಕೂತು ಮೋಟಾರ್‌ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಚೌರಪ್ಪ ‘ಸ್ತೋತ್ರ’ ಎಂದು ನಮಸ್ಕರಿಸಿ, ಕೈ ಕಟ್ಟಿ ನಿಂತು, ದೊಡ್ಡ ಅಪರಾಧದ ಕ್ಷಮೆ ಕೇಳುವವನ ಹಾಗೆ ಸುತ್ತಿ ಬಳಸಿ ವಿಷಯಕ್ಕೆ ಬಂದ. ಸ್ವಾಮಿಯವರಿಗೆ ಅರ್ಥವೇ ಆಗಲಿಲ್ಲ. ಯಾವ ಅಪ್ಪಣೆ, ಯಾಕೆ ಅಪ್ಪಣೆ ಎಂದು ಕೇಳಿದರು. ಚೌರಪ್ಪ ಪುಸ್ತಕ ಬಿಚ್ಚಿ ತೋರಿಸಿದ. ಅವರು ಎಣ್ಣೆಯ ಕೈ ತಗುಲದ ಹಾಗೆ ಬಗ್ಗಿ ಓದಿದರು.

“ಇದು ಯಾರು ಬರೆದದ್ದು?” ಎಂದರು ಸ್ವಾಮಿಯವರು. “ಆಗಮನ ಕಾಲದಲ್ಲಾಗಲಿ ತಪಸ್ಸು ಕಾಲದಲ್ಲಾಗಲಿ ಮದುವೆಗೆ ಯಾವತ್ತೂ ಅಡ್ಡಿ ಇರಲಿಲ್ಲವಲ್ಲ. ಹಿಂದೆ ಆಡಂಬರ ಬೇಡ ಅಂತಿತ್ತು. ಮೇಳ ಬೇಡ, ಚಪ್ಪರ ಬೇಡ, ದೊಡ್ಡ ಪೂಜೆ ಬೇಡ ಅಂತ. ಅದನ್ನೂ ತೆಗೆದುಹಾಕಿ ಎಷ್ಟೋ ವರ್ಷ ಆಯಿತು. ಎಪ್ಪತ್ತನೇ ಇಸವಿಗೂ ಮೊದಲೇ.”

ಚೌರಪ್ಪನ ಬೆರಳು ಹಾಳೆಯ ಮೇಲೇ ಇತ್ತು. ಅಪ್ಪ ತಪ್ಪು ಬರೆದಿರಲಾರ ಎಂದು ಏನೋ ಹೇಳಹೊರಟು ನಿಲ್ಲಿಸಿದ. ಜಪಮಾಲಮ್ಮನಿಗೆ ಅಪ್ಪ ಮಾಡಿದ್ದು ಏನೆಂದು ಅಲ್ಲೇ ಹೊಳೆಯಿತು. ಬಿಳಿ ಸ್ವಾಮಿಯವರು ಮೇಳ ಇಲ್ಲ, ಚಪ್ಪರ ಇಲ್ಲ ಎಂದಿರಬೇಕು. ಮೇಳವೂ ಚಪ್ಪರವೂ ಇಲ್ಲದ ಮೇಲೆ ಅದನ್ನು ಮದುವೆ ಎನ್ನುವುದು ಹೇಗೆ ಎಂದು ಅಪ್ಪನಿಗೆ ಅನ್ನಿಸಿರಬೇಕು. ಬರೆಯುವ ಶ್ರಮ ಉಳಿಸಿ ಒಂದೇ ಮಾತಲ್ಲಿ ‘ಮದುವೆ ಇಲ್ಲ’ ಎಂದುಬಿಟ್ಟಿದ್ದ. ನಮ್ಮ ಕಡೆಯ ಯಾವ ಅಪ್ಪನಾದರೂ ಹಾಗೇ ಬರೆಯುತ್ತಿದ್ದ. ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣು ತುಂಬಿತು. ಕುಂಬಳಕಾಯಿ ಇಳಿಸುವ ನೆವದಲ್ಲಿ ಅಡಿಗೆಮನೆ ಕಡೆ ಹೋದಳು. ಇಷ್ಟು ದಿನ ದೇವರಿಗೆ ಕೊಟ್ಟೆ ಎಂದುಕೊಂಡಿದ್ದ ತನ್ನ ಮದುವೆಯನ್ನು ದೇವರು ಕೇಳಿಯೇ ಇರಲಿಲ್ಲ. ಕೊಟ್ಟದ್ದು ಯಾರಿಗೆ ಹೋಯಿತು ಹಾಗಾದರೆ?

ವಾಪಸು ಬಸ್ಸಿನಲ್ಲಿ ಚೌರಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತ. ಕಾಗದ ಕೆಂಪೋ ಗುಲಾಬಿಯೋ ಎಂದು ಒಂದು ಸಲ ಕೇಳಿದ. ಕೆಂಪು ಎಂದಳು. ಇಳಿಯುವ ಹೊತ್ತಿಗೆ ದನಿ ಇಳಿಸಿ ಹೇಳಿದ.

“ಮಾಲೆ, ಇದ ಯಾರ್ಗೂ ಯೋಳ್ಬ್ಯಾಡ. ವಿಸೇಸ ಅಪ್ಪಣೆ ಆಯ್ತು ಅಂತ ಯೋಳಾನ.”

ಅವಳು ಕಾಗದದ ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಇಳಿದಳು. ನಾಲ್ಕು ದಿನ ತೊಟ್ಟಿಗೆ ಒಂದು ಕಡ್ಡಿಯನ್ನೂ ಹಾಕಲಿಲ್ಲ. ಎಲ್ಲರೆದುರು ಒಂದು ದಿನ ಅವನ ಪುಸ್ತಕವನ್ನು ಅವನ ಮುಖಕ್ಕೇ ಹಿಡಿದು ಓದಬೇಕು ಎಂದು ಬೀಸುವಾಗ, ಬೆರಣಿ ತಟ್ಟುವಾಗ, ಜಪಸರ ಹಿಡಿದು ಕೂತಾಗಲೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದಳು. ಮಾತು ಚೆನ್ನಾಗಿಯೇ ಕೂಡಿಬಂದಿತ್ತು.

ಆಗಮನ ಕಾಲದ ಎರಡನೇ ಭಾನುವಾರ ಬಂತು. ಸ್ವಾಮಿಯವರಿಲ್ಲ, ಚೌರಪ್ಪನದೇ ಪ್ರಾರ್ಥನೆ. ಮದುವೆಗೆ ಮುಂಚೆ ಗುಡಿಯಲ್ಲಿ, ಅಂದರೆ ಕೇರಿಯ ಸಣ್ಣ ಚರ್ಚಿನಲ್ಲಿ, ಓಲೆ ಓದಬೇಕು. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ, ಯಾರಿಗಾದರೂ ಅಡ್ಡಿ ತಿಳಿದಿದ್ದರೆ ಹೇಳಬೇಕು ಎಂದು. ಓಲೆ ಕೇಳಲೆಂದೇ ಗಂಡಿನ ಸೋದರಮಾವ ಹಿಂದಿನ ದಿನವೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಚೌರಪ್ಪ ಅಡ್ಡಿಯ ಮಾತನ್ನು ಎಂದಿನ ಹಾಗೆ ಉಸಿರು ಬಿಡದೆ ಓದಿ ಮುಗಿಸಿದ. ಅವನು ಉಸಿರು ತೆಗೆದುಕೊಳ್ಳುವುದರೊಳಗೆ ಜೋಜಪ್ಪ ಎದ್ದು ನಿಂತ. ಜೋಜಪ್ಪನ ಮಗನ ಮದುವೆಯನ್ನು ಇದೇ ಉಪದೇಶಿ ಹೋದ ತಿಂಗಳಷ್ಟೇ ಜನವರಿಗೆ ತಳ್ಳಿದ್ದ.

ಆಗಮನ ಕಾಲದಲ್ಲಿ ಮದುವೆ ಇಲ್ಲವೆಂದು ಉಪದೇಶಿಯವರೇ ಹೇಳಿದ್ದಾರೆ, ಇದೇ ಅಡ್ಡಿ ಎಂದ ಜೋಜಪ್ಪ. ವಿಶೇಷ ಅಪ್ಪಣೆಯಾಗಿದೆ ಎಂದ ಚೌರಪ್ಪ. ಗುಡಿಯೊಳಗೆ ಗುಜುಗುಜು ಎದ್ದಿತು. ಉಪದೇಶಿಯ ಮಗಳಿಗೆ ಅಪ್ಪಣೆ, ಉಳಿದವರಿಗೆ ಪುಸ್ತಕ ಎಂದು ಯಾರೋ ಹಿಂದಿನಿಂದ ಹೇಳಿದರು. ನಿಜ ಹೇಳಿದ್ದರೆ ಚೌರಪ್ಪ ಬರೀ ದಡ್ಡನಾಗುತ್ತಿದ್ದ. ದಡ್ಡನಾಗಲು ಒಪ್ಪದೆ ಕಳ್ಳನಾಗಿ ನಿಂತಿದ್ದ. ಆಗ ಜೋಜಪ್ಪನ ಮುದಿ ತಾಯಿ ಗುಣಮ್ಮ ಕೂತಲ್ಲಿಂದಲೇ, ಯಾವ ಕೋಪವೂ ಇಲ್ಲದೆ, ಕೇಳಿದಳು.

“ಅಂಗಾರ ಅವತ್ತು ಮಾಲೆಗ ಯಾಕ ಕೇಳ್ನಿಲ್ಲ, ಚೌರಪ್ಪ?”

ಎಲ್ಲರ ಮುಖ ಹೆಂಗಸರ ಸಾಲಿನ ಕಡೆ ತಿರುಗಿತು. ಚೌರಪ್ಪ ಓಲೆಯನ್ನು ಮಡಚಿದ. ಅಪ್ಪಣೆ ಕೇಳಬಹುದಿತ್ತು ಎಂದರೆ ಕೇಳದೆ ತಂ‌ಗಿಯನ್ನು ಹಾಳು ಮಾಡಿದವನು, ಅಪ್ಪಣೆಯೇ ಬೇಕಿರಲಿಲ್ಲ ಎಂದರೆ ಸುಮ್ಮಸುಮ್ಮನೆ ಹಾಳು ಮಾಡಿದವನು. ಸೋದರಮಾವ ಪಕ್ಕದವನನ್ನು ತಮಿಳಿನಲ್ಲಿ ಏನಾಯಿತೆಂದು ಕೇಳಿದ, ಕೇಳಿ ತಿಳಿದುಕೊಂಡು ಹೆಗಲ ಟವೆಲ್ಲನ್ನು ಸರಿಮಾಡಿಕೊಂಡ. ಎದ್ದು ಹೊರಡುವವರು ಮಾಡುವ ಕೆಲಸ ಅದು.

ಜಪಮಾಲಮ್ಮ ಎದ್ದಳು. ನಾಲ್ಕು ದಿನ ಜೋಡಿಸಿಟ್ಟ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು. ಇದಕ್ಕಿಂತ ಒಳ್ಳೆಯ ಹೊತ್ತು ಇನ್ನು ಬರುವುದಿಲ್ಲವೆಂದೂ ಗೊತ್ತಿತ್ತು. ಪಕ್ಕದಲ್ಲಿ ಲೂರ್ದು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಎಪ್ಪತ್ತೆರಡರಲ್ಲಿ ತಾನೂ ಹಾಗೇ ಮಾಡಿದ್ದು ಜಪಮಾಲಮ್ಮನಿಗೆ ನೆನಪಾಯಿತು.

“ನಾನೇ ಬ್ಯಾಡ ಅಂದಿ,” ಎಂದಳು. “ಆ ಮಿಲಿಟ್ರಿಯವ್ನ ಮೊಕ ನಂಗ ಇಡಿಸ್ನಿಲ್ಲ. ಅಣ್ಣ ಅಪ್ಪಣೆ ಕೇಳ್ತೀನಿ ಅಂದ, ನಾನೇ ಬ್ಯಾಡ ಅಂದಿ.”

ಹೇಳಿ ಕೂತಳು. ಸೋದರಮಾವನಿಗೆ ಅದನ್ನೂ ಪಕ್ಕದವನು ತಮಿಳಿಗೆ ತಿರುಗಿಸಿದ. ಟವೆಲ್ಲು ಮತ್ತೆ ಹೆಗಲ ಮೇಲೆ ನಿಂತಿತು. ತನ್ನ ಮಗನಿಗೂ ಅಪ್ಪಣೆ ಸಿಗುತ್ತದೆಯೇ ಎಂದು ಜೋಜಪ್ಪ ಕೇಳಿದ. ಸಿಗುತ್ತದೆ ಎನ್ನದೆ ಚೌರಪ್ಪನಿಗೆ ದಾರಿಯಿರಲಿಲ್ಲ. ಆದರೆ ಬರಿಗೈಯಲ್ಲಿ ಒಪ್ಪಿಕೊಳ್ಳಲು ಮನಸ್ಸಾಗದೆ, ಅಪ್ಪಣೆಗೆ ಷರತ್ತಿದೆ, ಮೇಳ ಇಲ್ಲ, ಚಪ್ಪರ ಇಲ್ಲ ಎಂದ. ಮೇಳ ಇಲ್ಲದ್ದು ಎಂಥ ಮದುವೆ, ನಾವು ಜನವರಿಗೇ ಮಾಡುತ್ತೇವೆ ಎಂದು ಜೋಜಪ್ಪ ಕೂತುಬಿಟ್ಟ. ಅಪ್ಪನ ಪುಸ್ತಕದಲ್ಲಿ ಆ ಸಾಲು ಹೇಗೆ ಹುಟ್ಟಿತ್ತೆಂಬುದನ್ನು ಜಪಮಾಲಮ್ಮ ಎರಡನೇ ಸಲ ಕಂಡಳು.

ಅಂದಿನಿಂದ ಕೇರಿಯಲ್ಲಿ ಅವಳ ಬೆಲೆ ಇಳಿಯಿತು. ಹದಿನಾಲ್ಕು ವರ್ಷ ಅಯ್ಯೋ ಪಾಪ ಎಂದವರು ಎಂಥ ಸೊಕ್ಕು ನೋಡಿ ಎಂದರು. ಸರ್ಕಾರಿ ಸಂಬಳದ ಗಂಡನ್ನು ಮುಖ ಚೆನ್ನಾಗಿಲ್ಲ ಎಂದು ಬಿಟ್ಟಳಂತೆ, ಅಣ್ಣ ಕೇಳುತ್ತೇನೆ ಎಂದು ಗೋಗರೆದನಂತೆ. ಚೌರಪ್ಪ ಗೋಗರೆದ ಎಂದು ಅವಳು ಹೇಳಿರಲೇ ಇಲ್ಲ, ಅದು ಬಾವಿಕಟ್ಟೆಯಲ್ಲಿ ಸೇರಿಕೊಂಡದ್ದು. ಅಂಥ ತಂಗಿಯನ್ನು ಇಷ್ಟು ವರ್ಷ ಇಟ್ಟುಕೊಂಡು ಸಾಕಿದ್ದಕ್ಕೆ ಚೌರಪ್ಪನ ಮರ್ಯಾದೆ ಮೊದಲಿಗಿಂತ ಒಂದು ಕೈ ಮೇಲಾಯಿತು. ಇಪ್ಪತ್ತಮೂರಕ್ಕೆ ಬಾಣಲಿ ಕೊಡಲು ಬಂದ ಪುಟ್ಟಬಸಮ್ಮ ಮಾತ್ರ, ಹೌದೇ ಎಂದು ಕೇಳಿ, ಹೂಂ ಎಂದ ಇವಳ ಮುಖವನ್ನೇ ನೋಡಿ, “ಸುಳ್ಳು ಯೋಳ್ದಾಗ ನಿನ್ನ ಕಿವಿ ಕೆಂಪಾಯ್ತದ ಕಣ, ಮಾಲೆ,” ಎಂದು ಎಣ್ಣೆ ಇಳಿಸಿ ಹೋದಳು.

ಹದಿನೇಳಕ್ಕೆ ಮದುವೆ ಆಯಿತು. ಮೇಳವಿಲ್ಲ, ಚಪ್ಪರವಿಲ್ಲ. ಯಾಕಿಷ್ಟು ಬಿಕೋ ಎನ್ನುತ್ತಿದೆ ಎಂದು ಸ್ವಾಮಿಯವರೇ ಕೇಳಿದರು. ಹಳೇ ಕಟ್ಟಳೆಯನ್ನು ಸರಿಯಾಗಿ ಪಾಲಿಸಿದ ಮದುವೆ ಆ ಕೇರಿಯಲ್ಲಿ ಅದೇ ಮೊದಲನೆಯದು, ಅದೂ ಕಟ್ಟಳೆ ಹೋಗಿ ಎಷ್ಟೋ ವರ್ಷದ ಮೇಲೆ. ಲೂರ್ದು ಬಸ್ಸು ಹತ್ತುವಾಗ ಅಪ್ಪನ ಕಾಲಿಗೆ ಬಿದ್ದಳು, ಅವ್ವನ ಕಾಲಿಗೆ ಬಿದ್ದಳು. ಅತ್ತೆಯ ಕಾಲಿಗೆ ಬೀಳಲು ಬಂದವಳು ಬೀಳದೆ, ಅತ್ತೆಯ ಹೆಗಲಿಗೆ ಮುಖ ಒತ್ತಿ ಅತ್ತಳು. ಅವಳಿಗೆ ಎಷ್ಟು ತಿಳಿದಿತ್ತೋ, ಜಪಮಾಲಮ್ಮ ಕೇಳಲಿಲ್ಲ.

ಕ್ರಿಸ್ಮಸ್ಸಿನ ದಿನ ಹನ್ನೊಂದೂಕಾಲರ ಹೊತ್ತಿಗೆ ಗುಡಿಯಲ್ಲಿ ಗೋದಲಿ ತಯಾರಾಗಿತ್ತು. ಹಿಂದೆ ಗೇಣುದ್ದದ ರಾಗಿ, ನಡುವೆ ಬೆರಳುದ್ದ, ಮುಂದೆ ಹಸಿರು. ಆನೆ ತನ್ನ ಜಾಗದಲ್ಲಿತ್ತು. ಮನೆಯಿಂದ ತಂದಿಟ್ಟ ತೊಟ್ಟಿ ಮಾತ್ರ ಬಡವಾಗಿತ್ತು. ಲೂರ್ದು ಹೋದ ಮೇಲೆ ಅವಳ ಪಾಲಿನ ಕಡ್ಡಿ ಇಲ್ಲ, ಮದುವೆಯ ಗಡಿಬಿಡಿಯಲ್ಲಿ ಸಹಾಯಮ್ಮನದು ಆರೋ ಏಳೋ, ಚೌರಪ್ಪನದು ಒಂದೂ ಇಲ್ಲ, ಜಪಮಾಲಮ್ಮನದೂ ಇಲ್ಲ. ಇಷ್ಟರ ಮೇಲೆ ಮಲಗಿಸಿದರೆ ಕೂಸಿಗೆ ಹಲಗೆ ಒತ್ತುತ್ತದೆ. ಅವಳು ಬಾಲಯೇಸುವನ್ನು ಮಡಿಲಲ್ಲಿಟ್ಟುಕೊಂಡು, ಒಂದು ಹುಲ್ಲುಕಡ್ಡಿ ಹಿಡಿದು ಕೂತಿದ್ದಳು. ಚೌರಪ್ಪ ಮೇಣದಬತ್ತಿ ನಿಲ್ಲಿಸುತ್ತಿದ್ದ. ಬಗಲಲ್ಲಿ ಪುಸ್ತಕವಿತ್ತು. ಗುಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಯಾಕೆ ಹಾಕುತ್ತಿಲ್ಲ ಎಂದು ಅವನು ಕೇಳಿದ. ಭಾನುವಾರದ ಆ ಮಾತಿನ ನಂತರ ಅವನು ಅವಳನ್ನು ನೇರವಾಗಿ ನೋಡಿ ಕೇಳಿದ್ದು ಅದೇ ಮೊದಲು.

“ನಾನು ಗುಡೀಲಿ ನಿಂತು ಸುಳ್ಳು ಯೋಳ್ದಿ,” ಎಂದಳು ಜಪಮಾಲಮ್ಮ. “ಪಾಪ ಮಾಡುದ್ರ ಒಂದು ಕಡ್ಡಿ ತಗೀಬೇಕು ಅಂತೀಯ. ತ್ಯಾಗ ಮಾಡುದ್ರ ಒಂದು ಆಕ್ಬೇಕು ಅಂತೀಯ. ಎರಡೂ ಒಂದೇ ಮಾತ್ಲಿ ಆಗೋದ್ರ ಏನ್ ಮಾಡದು? ನಿನ್ ಪುಸ್ತಕದಲ್ಲಿ ನೋಡಿ ಯೋಳು, ಅಣ್ಣ.”

ಚೌರಪ್ಪನ ಕೈ ಬಗಲಿಗೆ ಹೋಯಿತು. ಪುಸ್ತಕ ತೆಗೆದ. ಬೆರಳು ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಹಾಳೆ ತಿರುವಲಿಲ್ಲ. ಮೇಣದಬತ್ತಿಯೊಂದು ಓರೆಯಾಗಿತ್ತು, ಅದನ್ನು ನೋಡುತ್ತಾ ನಿಂತ.

“ನಂಗ ಗೊತ್ತಿಲ್ಲ ಕಣವ್ವ,” ಎಂದ.

ಅವನ ಮಾತಿನ ಹಿಂದೆ ಯಾವಾಗಲೂ ಒಂದು ‘ಆದರೆ’ ಬರುತ್ತಿತ್ತು, ಅವಳು ಅದಕ್ಕಾಗಿ ಕಾದಳು. ಬರಲಿಲ್ಲ. ಅವಳು ಈ ಮಾತನ್ನು ಕೇಳಿ ಗೆದ್ದೆ ಎಂದುಕೊಳ್ಳುತ್ತೇನೆಂದು ಎಣಿಸಿದ್ದಳು. ಈಗ ನೋಡಿದರೆ ಎದುರಿಗೆ ನಿಂತಿದ್ದವನು ಅಪ್ಪ ಸತ್ತ ವರ್ಷ ಅಪ್ಪನದೇ ದೊಡ್ಡ ಅಂಗಿ ತೊಟ್ಟು ಪುಸ್ತಕ ಹಿಡಿದು ಹೆದರಿ ನಿಂತಿದ್ದ ಅಣ್ಣನೇ. ಅವನ ಮೇಲೆ ಸಿಟ್ಟು ಹೋಗಿರಲಿಲ್ಲ, ಪೂರ್ತಿ ಹೋಗುವುದೂ ಇಲ್ಲ. ಆದರೂ ಕನಿಕರವಾಯಿತು.

ಕಡ್ಡಿಯನ್ನು ನಡುವೆ ಮುರಿದಳು. ಅರ್ಧವನ್ನು ತೊಟ್ಟಿಗೆ ಹಾಕಿ, ಉಳಿದರ್ಧವನ್ನು ಅವನ ಕೈಗೆ ಕೊಟ್ಟಳು.

ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು. ಚೌರಪ್ಪ ಪುಸ್ತಕವನ್ನು ಬೆಂಚಿನ ಮೇಲೇ ಬಿಟ್ಟು, ಕೇರಿಯವರನ್ನು ಕೂಗುತ್ತಾ ದಾರಿಗೆ ಓಡಿದ. ಸ್ವಾಮಿಯವರು ಇಳಿದು, ಚೀಲವನ್ನು ಅವನಿಗೆ ಕೊಡಹೋದರೆ ಅವನ ಬಲಗೈ ಮುಷ್ಟಿ ಕಟ್ಟಿತ್ತು. ಅದೇನು ಉಪದೇಶಿಗಳೇ ಕೈಯಲ್ಲಿ ಎಂದು ಅವರು ಕೇಳಿದರು. ಚೌರಪ್ಪ ಮುಷ್ಟಿ ಬಿಚ್ಚಿ ಆ ಅರ್ಧ ಕಡ್ಡಿಯನ್ನು ನೋಡಿದ.

“ನಮ್ ತಂಗೀದು, ಸಾಮಿ,” ಎಂದು ಹೇಳಿ, ಚೀಲವನ್ನು ಎಡಗೈಗೆ ತೆಗೆದುಕೊಂಡ.